ಮುಚ್ಚಿಟ್ಟ ಹುಳಿಭರಣಿ: ಪಸ್ಕದ ಸಿಹಿ ಮತ್ತು ದಖ್ಖನಿನ ನೆನಪು

ಅಫಜಲಪುರ ತಾಲೂಕಿನ ಘತ್ತರಗಿ ಭೀಮಾ ನದಿಯ ದಂಡೆಯ ಮೇಲಿರುವ ಊರು. ಭಾಗ್ಯವಂತಿ ದೇವಿಯ ಗುಡಿಯಿಂದಾಗಿ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಜನರಿಗೆ ಪರಿಚಿತವಾದ ಊರು. ಈ ಸೀಮೆಯಲ್ಲಿ ಹಬ್ಬ ಬಂತೆಂಬ ಸುದ್ದಿಯನ್ನು ಪಂಚಾಂಗಕ್ಕಿಂತ ಮೊದಲು ಅಡುಗೆಮನೆ ಹೇಳುತ್ತದೆ. ಹೋಳಿಗೆಯ ವಾಸನೆ ಬಂದರೆ ದೇವಿಗೆ ನೈವೇದ್ಯ ಸಿದ್ಧವಾಗುತ್ತಿದೆ ಎಂದು ಅರ್ಥ. ಚೊಂಗೆ ಬೇಯುತ್ತಿದ್ದರೆ ಮೊಹರಂ ಬಂದಿದೆ, ಅಲಾಯಿ ಕುಣಿ ತೋಡಿದ್ದಾರೆ ಎಂದು ಅರ್ಥ. ಚೊಂಗೆ ಯಾಕೆ ಮಾಡುತ್ತೀರಿ ಎಂದು ಕೇಳಿದರೆ ಅಜ್ಜಿಯರು ಚರಿತ್ರೆಯ ಪುಸ್ತಕ ತೆರೆಯುವುದಿಲ್ಲ. 'ಹಿಂದಿನಿಂದ ಬಂದದ್ದು' ಎನ್ನುತ್ತಾರೆ. ಆ ಮಾತಿನೊಳಗೆ ಎಷ್ಟು ಚರಿತ್ರೆ ಅಡಗಿರಬಹುದು ಎಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ.

ಘತ್ತರಗಿಯ ಮುಂದೆ ಹರಿಯುವ ಈ ಭೀಮೆ ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುತ್ತಾಳೆ. ಪುಣೆ ನಗರದ ಮುಳಾ-ಮುಠಾ ನದಿಯ ನೀರೂ ಇವಳನ್ನೇ ಸೇರಿ, ಪಂಢರಪುರ ದಾಟಿ, ನಮ್ಮ ಕಡೆ ಬರುತ್ತದೆ. ಆ ಪುಣೆಯಲ್ಲಿ 1874ರಲ್ಲಿ ಒಂದು ಅಪರೂಪದ ಪುಸ್ತಕ ಅಚ್ಚಾಯಿತು. ಯಹೂದಿಗಳ ಪಸ್ಕ ಹಬ್ಬದ ರಾತ್ರಿ ಮನೆಮಂದಿಯೆಲ್ಲ ಕುಳಿತು ಓದುವ 'ಹಗ್ಗಾದಾ' ಎಂಬ ಪ್ರಾರ್ಥನಾ ಗ್ರಂಥ ಅದು. ಹೀಬ್ರೂ ಜೊತೆಗೆ ಮರಾಠಿ ಅನುವಾದವಿದೆ. ಅದರ ಚಿತ್ರಗಳಲ್ಲಿ ಸೀರೆಯುಟ್ಟ ಹೆಂಗಸರು ನೆಲದ ಮೇಲೆ ಕುಳಿತು ಹಬ್ಬದ ಹುಳಿಯಿಲ್ಲದ ರೊಟ್ಟಿ ತಯಾರಿಸುತ್ತಿದ್ದಾರೆ. ನೋಡಿದವರಿಗೆ ಇದು ನಮ್ಮದೇ ಊರಿನ ಯಾವುದೋ ಮನೆ ಎನಿಸಬೇಕು. ದಖ್ಖನ್ ಮತ್ತು ಪಶ್ಚಿಮ ಕರಾವಳಿಯಲ್ಲಿ ಬಾಳಿದ ಈ ನೆರೆಯವರ ಹಬ್ಬದ ಅಡುಗೆಯ ಚರಿತ್ರೆಯನ್ನು ಇಲ್ಲಿ ನೋಡೋಣ.

ಹುಳಿಯಿಲ್ಲದ ರೊಟ್ಟಿ, ಮಣ್ಣಿನ ಬಣ್ಣದ ಸಿಹಿ

ಪಸ್ಕ ಎಂಬ ಹೆಸರು ಬೈಬಲಿನ ಕನ್ನಡ ಅನುವಾದದಿಂದ ನಮಗೆ ಪರಿಚಿತ. ಹೀಬ್ರೂ ಭಾಷೆಯಲ್ಲಿ ಅದು 'ಪೆಸಾಹ್'. ಫಿರ್‌ಔನನ ಗುಲಾಮಗಿರಿಯಿಂದ ಬನೀ ಇಸ್ರಾಈಲರು ಪ್ರವಾದಿ ಮೂಸಾ(ಅ)ರ ನೇತೃತ್ವದಲ್ಲಿ ಬಿಡುಗಡೆ ಪಡೆದುದರ ನೆನಪು ಅದು. ಯಹೂದಿ ಪಂಚಾಂಗದ ನಿಸಾನ್ ತಿಂಗಳ 15ರಂದು, ಹುಣ್ಣಿಮೆಯ ರಾತ್ರಿ ಆರಂಭವಾಗುತ್ತದೆ. ಹೆಚ್ಚಿನ ವರ್ಷಗಳಲ್ಲಿ ಅದು ನಮ್ಮ ದವನದ ಹುಣ್ಣಿಮೆಯ ಆಸುಪಾಸಿಗೆ ಬೀಳುತ್ತದೆ. ಇಸ್ರೇಲಿನಲ್ಲಿ ಏಳು ದಿನ, ಹೊರಗಿನವರಿಗೆ ಎಂಟು ದಿನ.

ಈಜಿಪ್ತ್ ಬಿಡುವ ಅವಸರದಲ್ಲಿ ಕಲಸಿದ ಹಿಟ್ಟು ಹುಳಿಯುವವರೆಗೆ ಕಾಯಲು ಆಗಲಿಲ್ಲ. ಹಾಗಾಗಿ ಹಬ್ಬದ ದಿನಗಳಲ್ಲಿ ಹುಳಿ ಬಂದ ಧಾನ್ಯದ ಪದಾರ್ಥವನ್ನು ತಿನ್ನುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಗೋಧಿ, ಜವೆ ಮೊದಲಾದ ಐದು ಧಾನ್ಯಗಳಿಗೆ ಈ ನಿಯಮ ಅನ್ವಯಿಸುತ್ತದೆ. ಹಿಟ್ಟಿಗೆ ನೀರು ಬಿದ್ದ ಮೇಲೆ 18 ನಿಮಿಷಗಳೊಳಗೆ ಬೇಯಿಸಿ ಮುಗಿಸಿದರೆ ಮಾತ್ರ ಅದು 'ಮತ್ಸಾ', ಅಂದರೆ ಹಬ್ಬದ ರೊಟ್ಟಿ. ಉಬ್ಬದಿರಲೆಂದು ಅದರ ಮೈತುಂಬ ಸಣ್ಣ ತೂತು ಚುಚ್ಚುತ್ತಾರೆ. ಬಿಸಿನೀರಿನಲ್ಲಿ ಹಿಟ್ಟು ನಾದಿ, ತಟ್ಟಿ, ತಡಮಾಡದೆ ಹಂಚಿಗೆ ಹಾಕುವ ನಮ್ಮ ಕಡೆಯ ಹೆಂಗಸರಿಗೆ ಈ ಅವಸರ ಅರ್ಥವಾಗದೆ ಇರದು. ಜೋಳದ ರೊಟ್ಟಿಗೂ ಹುಳಿಯ ಹಂಗಿಲ್ಲ.

ಹುಳಿ ಇಲ್ಲ, ಸಾಮಾನ್ಯ ಹಿಟ್ಟಿನ ಬಳಕೆ ಇಲ್ಲ ಎಂದಾಗ ಹಬ್ಬದ ಸಿಹಿ ಮಾಡುವುದು ಹೇಗೆ? ಇಲ್ಲಿಯೇ ಯಹೂದಿ ಹೆಂಗಸರ ಜಾಣ್ಮೆ ಕಾಣುತ್ತದೆ. ಮೊಟ್ಟೆಯ ಬಿಳಿಯನ್ನು ನೊರೆ ಬರುವವರೆಗೆ ಕಡೆದರೆ ಅದರೊಳಗೆ ಸೇರಿದ ಗಾಳಿಯೇ ಒಲೆಯ ಶಾಖಕ್ಕೆ ಹಿಗ್ಗಿ ಬಿಸ್ಕತ್ತನ್ನೂ ಕೇಕನ್ನೂ ಮೇಲೆತ್ತುತ್ತದೆ. ಗೋಧಿಹಿಟ್ಟಿನ ಜಾಗಕ್ಕೆ ಅರೆದ ಬಾದಾಮಿ ಅಥವಾ ತುರಿದ ಕೊಬ್ಬರಿ ಬರುತ್ತದೆ. ಬಗ್ದಾದಿನಿಂದ ಮುಂಬಯಿ, ಕಲ್ಕತ್ತಾಗಳಿಗೆ ಬಂದ ಯಹೂದಿಗಳು ಬಾದಾಮಿ ಮತ್ತು ಸಕ್ಕರೆಯಿಂದ ಮಾಡುವ 'ಲೋಝೀನಾ' ನಮ್ಮ ಬಾದಾಮಿ ಬರ್ಫಿಯ ಹತ್ತಿರದ ಸಂಬಂಧಿ.

ಪಸ್ಕದ ಸಿಹಿಗಳಲ್ಲಿ ಹಿರಿಯದು 'ಹರೋಸೆತ್'. ಇಟ್ಟಿಗೆ ಮಾಡಲು ಗುಲಾಮರು ತುಳಿದ ಮಣ್ಣಿನ ಗುರುತು ಅದು. ಬಣ್ಣವೂ ಹದವೂ ಮಣ್ಣಿನಂತೆಯೇ ಇರಬೇಕು. ಹಬ್ಬದ ರಾತ್ರಿ ಕಹಿ ಸೊಪ್ಪನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಬಗ್ದಾದಿ, ಕೊಚ್ಚಿ ಮತ್ತು ಕೊಂಕಣದ ಯಹೂದಿಗಳು ಇದನ್ನು ಖರ್ಜೂರದಿಂದ ಮಾಡುತ್ತಾರೆ. ಬೀಜ ತೆಗೆದ ಖರ್ಜೂರವನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಹಿಂಡಿ ರಸ ತೆಗೆಯಬೇಕು. ಆ ರಸವನ್ನು ಸಣ್ಣ ಉರಿಯಲ್ಲಿ ಜೇನಿನ ಹದ ಬರುವವರೆಗೆ ಕುದಿಸಬೇಕು. ಮೇಲೆ ಜಜ್ಜಿದ ಅಕ್ರೋಟು ಅಥವಾ ಬಾದಾಮಿ. ಸಕ್ಕರೆ ಬೇಕಾಗುವುದಿಲ್ಲ. ರಮಝಾನಿನಲ್ಲಿ ಖರ್ಜೂರದಿಂದ ಉಪವಾಸ ಬಿಡುವವರಿಗೆ ಈ ರುಚಿಯ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಮಂಗಳೂರಿನ ಮನೆ

ಹರೋಸೆತ್ ಮಾಡುವ ಬಗೆಯನ್ನು ಬರೆದಿಟ್ಟವರಲ್ಲಿ ಮೂಸಾ ಇಬ್ನ್ ಮೈಮೂನ್ (1138–1204) ಪ್ರಮುಖರು. ಪಾಶ್ಚಾತ್ಯರು ಮೈಮೊನಿಡೀಸ್ ಎನ್ನುವ ಈ ಯಹೂದಿ ಧರ್ಮಪಂಡಿತರು ಸಲಾಹುದ್ದೀನ್ ಅಯ್ಯೂಬಿಯ ಕಾಲದ ಈಜಿಪ್ತಿನಲ್ಲಿ ಹೆಸರಾಂತ ವೈದ್ಯರಾಗಿದ್ದರು. ಖರ್ಜೂರ, ಅಂಜೂರ, ಒಣದ್ರಾಕ್ಷಿಗಳನ್ನು ಜಜ್ಜಿ ಮಾಡುವ ವಿಧಾನವನ್ನು ಅವರು ಹೇಳಿದ್ದಾರೆ. ಅವರ ತಮ್ಮ ದಾವೂದ್ ವ್ಯಾಪಾರಕ್ಕೆಂದು ಹೊರಟು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತರು. ಆ ಕಾಲದಲ್ಲಿ ಈಜಿಪ್ತ್ ಮತ್ತು ಏಡನ್‌ನ ಯಹೂದಿ ವರ್ತಕರಿಗೆ ನಮ್ಮ ಪಶ್ಚಿಮ ಕರಾವಳಿ ಅಷ್ಟು ಪರಿಚಿತವಾಗಿತ್ತು.

ಅವರಲ್ಲಿ ಒಬ್ಬ ಮಂಗಳೂರಿನಲ್ಲೇ ನೆಲೆಸಿದ್ದ. ಅಬ್ರಹಾಂ ಬೆನ್ ಯಿಜು ಟ್ಯುನೀಸಿಯಾದ ಮಹ್ದಿಯಾದವನು. ಸುಮಾರು 1132ರಿಂದ 1149ರವರೆಗೆ ಅವನು ಈ ಕರಾವಳಿಯಲ್ಲಿದ್ದು ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣಗಳನ್ನು ಏಡನ್‌ಗೆ ಕಳಿಸುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನೂ ನಡೆಸುತ್ತಿದ್ದ. ಅವನಿಗೆ ಬಂದ ಪತ್ರಗಳು ಕೈರೋದ ಹಳೆಯ ಯಹೂದಿ ಪ್ರಾರ್ಥನಾ ಮಂದಿರದ 'ಗೆನಿಝಾ' ಎಂಬ ಕೋಣೆಯಲ್ಲಿ ನೂರಾರು ವರ್ಷ ಉಳಿದವು. ಅವುಗಳ ಭಾಷೆ ಅರಬಿ, ಲಿಪಿ ಹೀಬ್ರೂ. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆಂಟಿಕ್ ಲ್ಯಾಂಡ್' (1992) ಕೃತಿಯಿಂದಾಗಿ ಈ ಕಥೆ ಇಂದು ಅನೇಕರಿಗೆ ಗೊತ್ತು.

ಏಡನ್‌ನ ಗೆಳೆಯರು ಬೆನ್ ಯಿಜುವಿಗೆ ಸರಕಿನ ಲೆಕ್ಕದ ಜೊತೆಗೆ ಉಡುಗೊರೆಗಳನ್ನೂ ಕಳಿಸುತ್ತಿದ್ದರು. ಕಾಗದ, ಸಾಬೂನು, ಸಕ್ಕರೆ, ಒಣದ್ರಾಕ್ಷಿ, ಬಾದಾಮಿ ಇಂತಹ ವಸ್ತುಗಳ ಹೆಸರು ಆ ಪತ್ರಗಳಲ್ಲಿ ಬರುತ್ತವೆ. ಪಸ್ಕದ ಸಿಹಿಗೆ ಬೇಕಾಗುವುದೂ ಹೆಚ್ಚುಕಡಿಮೆ ಇವೇ. ಅವನ್ನು ಹೊತ್ತು ತಂದ ಹಡಗುಗಳಲ್ಲಿ ಮುಸ್ಲಿಮ್ ನಾಖುದಾಗಳಿದ್ದರು, ವ್ಯವಹಾರದಲ್ಲಿ ಮುಸ್ಲಿಮ್, ಹಿಂದೂ, ಯಹೂದಿ ವರ್ತಕರು ಒಬ್ಬರಿಗೊಬ್ಬರು ಆಗುತ್ತಿದ್ದರು.

ಆದರೆ ಈ ಮನೆಯಲ್ಲಿ ಒಂದು ವೈರುಧ್ಯವೂ ಇತ್ತು. ಬೆನ್ ಯಿಜು ಆಶು ಎಂಬ ಗುಲಾಮ ಹೆಣ್ಣನ್ನು 1132ರ ಅಕ್ಟೋಬರ್ 17ರಂದು ಬಿಡುಗಡೆ ಮಾಡಿದ ಪತ್ರ ಉಳಿದಿದೆ. ಅವನ ಮಕ್ಕಳ ತಾಯಿ ಈಕೆಯೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಅವನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ನೋಡುತ್ತಿದ್ದ ಬೊಮ್ಮನೂ ಪತ್ರಗಳಲ್ಲಿ ಗುಲಾಮನೆಂದೇ ಕರೆಸಿಕೊಳ್ಳುತ್ತಾನೆ. ಆ ಕಾಲದ ಗುಲಾಮಗಿರಿ ಅಮೆರಿಕದ ತೋಟಗಳದ್ದರಂತೆ ಇರಲಿಲ್ಲ ಎಂಬುದು ನಿಜ. ಆದರೂ ಗುಲಾಮಗಿರಿಯಿಂದ ಬಿಡುಗಡೆಯಾದ ನೆನಪಿನ ಹಬ್ಬ ಗುಲಾಮರಿದ್ದ ಮನೆಗೂ ಪ್ರತಿವರ್ಷ ಬರುತ್ತಿತ್ತು. ಯಜಮಾನನ ಪತ್ರಗಳು ಉಳಿದವು. ತುಳುನಾಡಿನ ನೆಲದಲ್ಲಿ ಅವನ ಮನೆ ನಡೆಸಿದ ಹೆಂಗಸಿನ ಒಂದು ಮಾತೂ ಉಳಿಯಲಿಲ್ಲ. ಕಾಗದ ಯಾರದ್ದನ್ನು ಉಳಿಸುತ್ತದೆ, ಯಾರದ್ದನ್ನು ಬಿಡುತ್ತದೆ ಎಂಬ ಪ್ರಶ್ನೆಯನ್ನು ಚರಿತ್ರೆ ಓದುವವರು ಕೇಳಿಕೊಳ್ಳಲೇಬೇಕು.

ಪುಸ್ತಕ ಹೋಯಿತು, ಭರಣಿ ಉಳಿಯಿತು

ಇದೇ ಕರಾವಳಿಯಲ್ಲಿ ಉತ್ತರಕ್ಕೆ, ಕೊಂಕಣದ ಅಲಿಬಾಗ್ ಸೀಮೆಯಲ್ಲಿ, ಕಾಗದವನ್ನೇ ಕಳೆದುಕೊಂಡ ಯಹೂದಿ ಸಮುದಾಯವೊಂದಿತ್ತು. ಇವರೇ 'ಬೆನೆ ಇಸ್ರೇಲ್', ನಮ್ಮ ಮಾತಿನಲ್ಲಿ ಬನೀ ಇಸ್ರಾಈಲ್. ನೌಗಾಂವ್ ಬಳಿ ಹಡಗು ಒಡೆದು ಪೂರ್ವಿಕರಲ್ಲಿ ಏಳು ಗಂಡಸರು, ಏಳು ಹೆಂಗಸರು ಬದುಕಿ ಉಳಿದರು, ಗ್ರಂಥಗಳೆಲ್ಲ ಸಮುದ್ರ ಪಾಲಾದವು ಎಂಬುದು ಅವರ ನಂಬಿಕೆ. ಇವರು ಎಣ್ಣೆ ಗಾಣದ ಕಸುಬು ಹಿಡಿದು ಮರಾಠಿ ಕಲಿತರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಇವರನ್ನು 'ಶನಿವಾರ ತೇಲಿ' ಎಂದು ಕರೆದರು.

ಈ ಜನ ನಮ್ಮ ಸೀಮೆಗೆ ತೀರ ದೂರದವರಲ್ಲ. 1347ರಲ್ಲಿ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡ ಬಹಮನಿ ಸುಲ್ತಾನರಿಗೆ ಕೊಂಕಣದ ಚೌಲ್ ಮತ್ತು ದಾಭೋಲ್ ಸಮುದ್ರದ ಬಾಗಿಲುಗಳಾಗಿದ್ದವು. ಚೌಲ್ ಇರುವುದು ಬೆನೆ ಇಸ್ರೇಲರ ಹಳ್ಳಿಗಳ ನಡುವೆಯೇ. ಭೀಮಾ ತೀರದ ರೈತರೂ ಅಲಿಬಾಗಿನ ಗಾಣಿಗರೂ ಒಂದೇ ದಖ್ಖನಿ ಲೋಕದ ಎರಡು ತುದಿಗಳಲ್ಲಿದ್ದರು.

15ನೇ ಶತಮಾನದ ಉತ್ತರಾರ್ಧದಲ್ಲಿ ರಷ್ಯಾದ ವರ್ತಕ ಅಫನಾಸಿ ನಿಕಿತಿನ್ ಚೌಲ್‌ನಲ್ಲಿಯೇ ಇಳಿದು ಬೀದರಿಗೆ ಬಂದ, ಕಲಬುರಗಿಯನ್ನೂ ಕಂಡ. ದಾರಿಯಲ್ಲಿ ದರೋಡೆಕೋರರು ಅವನ ಪುಸ್ತಕಗಳನ್ನು ದೋಚಿದ್ದರು. ಪುಸ್ತಕವಿಲ್ಲದೆ ತನ್ನ ಈಸ್ಟರ್ ಹಬ್ಬ ಯಾವ ದಿನ ಬರುತ್ತದೆ ಎಂಬ ಲೆಕ್ಕವೇ ತಪ್ಪಿಹೋಗಿದೆ ಎಂದು ಅವನು ತನ್ನ ಬರಹದಲ್ಲಿ ಪರಿತಪಿಸುತ್ತಾನೆ. ಸುತ್ತಲಿನ ಮುಸ್ಲಿಮರು ರಮಝಾನಿನಲ್ಲಿ ಉಪವಾಸ ಮಾಡುವಾಗ ತಾನೂ ಅವರೊಂದಿಗೆ ಉಪವಾಸ ಮಾಡಿದ. ಒಬ್ಬಂಟಿ ಪ್ರವಾಸಿ ಕೆಲವೇ ವರ್ಷಗಳಲ್ಲಿ ಹಬ್ಬದ ದಿನವನ್ನು ಕಳೆದುಕೊಂಡ. ಬೆನೆ ಇಸ್ರೇಲರು ತಲೆತಲಾಂತರ ಅದನ್ನು ಉಳಿಸಿಕೊಂಡದ್ದು ಹೇಗೆ?

ಉತ್ತರ ಅಡುಗೆಮನೆಯಲ್ಲಿದೆ. ಅವರ ಸಮುದಾಯದವರೇ ಆದ ಹಾಯೀಂ ಸಾಮ್ಯುಯೆಲ್ ಕೆಹಿಮ್ಕರ್ 1897ರಲ್ಲಿ ಬರೆದು, 1937ರಲ್ಲಿ ಪ್ರಕಟವಾದ ಚರಿತ್ರೆಯಲ್ಲಿ ಇದರ ವಿವರಗಳಿವೆ. ಪಸ್ಕ ಎಂಬ ಹೆಸರು ಅವರಿಗೆ ಮರೆತುಹೋಗಿತ್ತು. ಅದನ್ನು ಅವರು 'ಅನಶಿ ಢಾಕಾಚಾ ಸಣ' ಎನ್ನುತ್ತಿದ್ದರು. ಅಂದರೆ ಹುಳಿಭರಣಿ ಮುಚ್ಚುವ ಹಬ್ಬ. ದಿನನಿತ್ಯದ ಸಾರಿಗೆ ಬಳಸುವ ಹುಳಿನೀರಿನ ಭರಣಿಯನ್ನು ಆ ಎಂಟು ದಿನ ಮುಚ್ಚಿಡುತ್ತಿದ್ದರು. ಈಜಿಪ್ತಿನ ಕಥೆ ಮರೆತಿತ್ತು, ಹುಳಿ ಮುಟ್ಟಬಾರದು ಎಂಬುದು ನೆನಪಿತ್ತು. ಹೀಗೆಯೇ ಪ್ರಾಯಶ್ಚಿತ್ತದ ಉಪವಾಸದ ದಿನಕ್ಕೆ ಬಾಗಿಲು ಮುಚ್ಚುವ ಹಬ್ಬವೆಂದೂ, ಇನ್ನೊಂದಕ್ಕೆ ಖೀರಿನ ಹಬ್ಬವೆಂದೂ ಹೆಸರು. ಗಂಡಸರ ಗ್ರಂಥಪಾಠ ನಿಂತುಹೋದ ಮೇಲೆ ಧರ್ಮವನ್ನು ಹೊತ್ತವರು ಭರಣಿಯ ಮುಚ್ಚಳ ಹಾಕಿದ ಹೆಂಗಸರು.

ಇವರನ್ನು ಹೊರಗಿನ ಯಹೂದಿಗಳು ಗುರುತಿಸಿದ್ದೂ ಅಡುಗೆಯಿಂದಲೇ. ದಾವೀದ್ ರಹಾಬಿ ಎಂಬ ಪಂಡಿತ ಕೊಂಕಣಕ್ಕೆ ಬಂದಾಗ ಹೆಂಗಸರ ಕೈಗೆ ಹಲವು ಬಗೆಯ ಮೀನು ಕೊಟ್ಟು ಅಡುಗೆ ಮಾಡಲು ಹೇಳಿದ, ಅವರು ರೆಕ್ಕೆ ಮತ್ತು ಪೊರೆ ಇಲ್ಲದ ಮೀನುಗಳನ್ನು ಬೇರ್ಪಡಿಸಿ ಇಟ್ಟರು, ಅದರಿಂದ ಇವರು ಯಹೂದಿಗಳೇ ಎಂದು ಅವನಿಗೆ ಖಾತ್ರಿಯಾಯಿತು ಎಂಬುದು ಅವರಲ್ಲಿ ಇಂದಿಗೂ ಪ್ರಚಲಿತವಾದ ಕಥೆ.

ಕರ್ನಾಟಕದ ನೆಲಕ್ಕೆ ಸಂಬಂಧಿಸಿದ ಇನ್ನೊಂದು ಕಥೆಯೂ ಇಲ್ಲಿ ಉಲ್ಲೇಖನೀಯ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದ ಸಾಮ್ಯುಯೆಲ್ ಎಝೆಕಿಯಲ್ ದಿವೇಕರ್ ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನರ ಸೆರೆಯಾಳಾದ. ನೀನು ಯಾರು ಎಂದು ಕೇಳಿದಾಗ ಅವನು 'ಬೆನೆ ಇಸ್ರೇಲ್' ಎಂದ. ಕುರ್‌ಆನಿನಲ್ಲಿ ಈ ಹೆಸರನ್ನು ಓದಿದ್ದ ಟಿಪ್ಪುವಿನ ತಾಯಿ ಅವನನ್ನು ಉಳಿಸುವಂತೆ ಹೇಳಿದರು ಎಂದು ಆ ಸಮುದಾಯ ನಂಬುತ್ತದೆ. ಬಿಡುಗಡೆಯಾಗಿ ಹೋದ ದಿವೇಕರ್ 1796ರಲ್ಲಿ ಮುಂಬಯಿಯಲ್ಲಿ ಬೆನೆ ಇಸ್ರೇಲರ ಮೊದಲ ಪ್ರಾರ್ಥನಾ ಮಂದಿರ ಕಟ್ಟಿಸಿದ. ಸುತ್ತಲಿನ ಜನ ಅದನ್ನು 'ಜೂನಿ ಮಸ್ಜಿದ್' ಎಂದೇ ಕರೆದರು. ಆ ಬಳಿಕ ಹೀಬ್ರೂ ಕಲಿಕೆ ಮರಳಿತು, ಭರಣಿ ಮುಚ್ಚುವ ಹಬ್ಬ ಮತ್ತೆ ಪಸ್ಕವಾಯಿತು. ಪುಣೆಯ ಹಗ್ಗಾದಾ ಬಂದದ್ದು ಈ ಹಾದಿಯಲ್ಲಿಯೇ.

ಒಂದೇ ಹೆಸರಿನ ತಟ್ಟೆ

ಬೆನೆ ಇಸ್ರೇಲರ ಇನ್ನೊಂದು ಸಿಹಿಯ ಹೆಸರು ಕೇಳಿದರೆ ಕಲಬುರಗಿ ಸೀಮೆಯವರು ಕಿವಿ ನಿಮಿರಿಸುವುದು ಖಂಡಿತ. ಅದು 'ಮಲೀದಾ'. ನೆನೆಸಿದ ಅವಲಕ್ಕಿಗೆ ಸಕ್ಕರೆ, ತೆಂಗಿನತುರಿ, ಏಲಕ್ಕಿ ಬೆರೆಸಿ, ತಟ್ಟೆಯಲ್ಲಿ ಗುಡ್ಡೆ ಮಾಡಿ, ಸುತ್ತ ಹಣ್ಣುಗಳನ್ನಿಟ್ಟು, ಪ್ರವಾದಿ ಎಲೀಯನ ಹೆಸರಿನಲ್ಲಿ ಪ್ರಾರ್ಥಿಸಿ ಹಂಚುತ್ತಾರೆ. ಹರಕೆ ಈಡೇರಿದಾಗ, ಮದುವೆಯ ಹೊತ್ತಿನಲ್ಲಿ ಇದು ನಡೆಯುತ್ತದೆ. ಎಲೀಯ ಎಂದರೆ ಕುರ್‌ಆನಿನ ಪ್ರವಾದಿ ಇಲ್ಯಾಸ್(ಅ). ಪಸ್ಕದ ರಾತ್ರಿಯಲ್ಲೂ ಯಹೂದಿ ಮನೆಗಳಲ್ಲಿ ಅವರ ಹೆಸರಿನಲ್ಲಿ ಒಂದು ಬಟ್ಟಲು ತುಂಬಿಸಿಡುವ ಪದ್ಧತಿಯಿದೆ.

ಮಲೀದಾ ಎಂಬುದು ಪರ್ಷಿಯನ್ ಮಾತು. 'ಮಾಲೀದನ್' ಎಂದರೆ ಉಜ್ಜು, ತಿಕ್ಕು. ದಖ್ಖನಿನ ದರ್ಗಾಗಳಲ್ಲಿ ಫಾತಿಹಾ ಓದಿ ಹಂಚುವ ಮಲೀದಾ ರೊಟ್ಟಿಯನ್ನು ಕೈಯಲ್ಲಿ ತಿಕ್ಕಿ, ಬೆಲ್ಲ, ತುಪ್ಪ ಸೇರಿಸಿ ಮಾಡಿದ್ದು. ಉತ್ತರ ಕರ್ನಾಟಕದ ಹಿಂದೂ ಮನೆಗಳಲ್ಲಿ ಹೀಗೆಯೇ ಪುಡಿಮಾಡಿ ಬೆಲ್ಲ ಬೆರೆಸುವ ಮಾಲ್ದಿ, ಮಾದಲಿ ಜಾತ್ರೆಯ ಬುತ್ತಿಗಳಲ್ಲಿ ಇರುತ್ತದೆ. ಪದಾರ್ಥ ಊರಿಗೆ ತಕ್ಕಂತೆ ಬದಲಾಗಿದೆ. ಕೊಂಕಣದಲ್ಲಿ ಅವಲಕ್ಕಿ ಮತ್ತು ತೆಂಗು, ಬಯಲುಸೀಮೆಯಲ್ಲಿ ಗೋಧಿ ಮತ್ತು ಬೆಲ್ಲ. ಮಾಡಿ ಹಂಚುವ ಕ್ರಮ ಮಾತ್ರ ಒಂದೇ ಬಗೆಯದು.

ನೆನಪಿನ ವಿಷಯದಲ್ಲೂ ಹೀಗೆಯೇ. ಕುರ್‌ಆನಿನಲ್ಲಿ ಅತಿ ಹೆಚ್ಚು ಬಾರಿ ಹೆಸರು ಬರುವ ಪ್ರವಾದಿ ಮೂಸಾ(ಅ). ಪ್ರವಾದಿ ಮುಹಮ್ಮದ್(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಯಹೂದಿಗಳು ಆಶೂರಾ ದಿನ ಉಪವಾಸವಿರುವುದನ್ನು ಕಂಡು ಕಾರಣ ಕೇಳಿದರೆಂದೂ, ಮೂಸಾ(ಅ)ರನ್ನು ಅಲ್ಲಾಹನು ರಕ್ಷಿಸಿದ ದಿನ ಇದೆಂದು ತಿಳಿದು ತಾವೂ ಉಪವಾಸವಿದ್ದು ಇತರರಿಗೂ ತಿಳಿಸಿದರೆಂದೂ ಬುಖಾರಿ, ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿದೆ. ಪಸ್ಕ ಮತ್ತು ಆಶೂರಾ ಬೇರೆ ಬೇರೆ ದಿನಗಳು. ಆದರೆ ಜುಲ್ಮಿನಿಂದ ಬಿಡುಗಡೆಯಾದ ಒಂದೇ ಕಥೆಯನ್ನು ಎರಡೂ ನೆನೆಯುತ್ತವೆ. ಕ್ರಿ.ಶ. 680ರ ಕರ್ಬಲಾದ ಬಳಿಕ ಅದೇ ದಿನ ಇಮಾಮ್ ಹುಸೈನರ ಬಲಿದಾನದ ದುಃಖವನ್ನೂ ಹೊತ್ತುಕೊಂಡಿತು. ನಮ್ಮ ಹಳ್ಳಿಗಳ ಮೊಹರಮ್ಮಿನಲ್ಲಿ ಶೋಕದ ಪದಗಳ ಜೊತೆ ಚೊಂಗೆ ಇರುವುದು, ಪಸ್ಕದ ತಟ್ಟೆಯಲ್ಲಿ ಕಹಿ ಸೊಪ್ಪಿನ ಜೊತೆ ಹರೋಸೆತ್ ಇರುವುದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು.

ಯಾವುದು ಪುರಾವೆ?

1951ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಸುಮಾರು 26 ಸಾವಿರ ಯಹೂದಿಗಳಿದ್ದರು. 2011ರ ಹೊತ್ತಿಗೆ ಅದು ಐದು ಸಾವಿರಕ್ಕೂ ಕೆಳಗಿಳಿಯಿತು. ಅವರನ್ನು ಇಲ್ಲಿಂದ ಯಾರೂ ಓಡಿಸಲಿಲ್ಲ. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಹೆಚ್ಚಿನವರು ತಾವಾಗಿ ಹೋದರು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಬಳಿ 1904ರಲ್ಲಿ ಆರಂಭವಾದ ಯಹೂದಿ ಸ್ಮಶಾನವಿದೆ. ಕಮರ್ಷಿಯಲ್ ಸ್ಟ್ರೀಟ್‌ನ ಹಳೆಯ ವ್ಯಾಪಾರದ ನೆನಪಿನಲ್ಲಿ ಮೋಸೆಸ್ ಕುಟುಂಬದ ಹೆಸರಿದೆ. ಅಷ್ಟು ಬಿಟ್ಟರೆ ರಾಜ್ಯದಲ್ಲಿ ಈ ಸಮುದಾಯದ ಗುರುತುಗಳು ಹೆಚ್ಚಿಲ್ಲ.

ಹೋದವರಿಗೆ ಅಲ್ಲಿ ಏನಾಯಿತು? 1962ರಲ್ಲಿ ಇಸ್ರೇಲಿನ ಧರ್ಮಾಧಿಕಾರಿಗಳು ಬೆನೆ ಇಸ್ರೇಲರು ಇತರ ಯಹೂದಿಗಳನ್ನು ಮದುವೆಯಾಗಬೇಕಾದರೆ ಅವರ ವಂಶಾವಳಿಯನ್ನು ಪರಿಶೀಲಿಸಬೇಕೆಂದು ಸೂಚಿಸಿದರು. ತಾಯಿ, ಅಜ್ಜಿ, ಮುತ್ತಜ್ಜಿ ಯಹೂದಿಗಳೇ ಎಂದು ತೋರಿಸಿಕೊಡಬೇಕಾದ ಸ್ಥಿತಿ ಬಂತು. ಗ್ರಂಥವೇ ಇಲ್ಲದ ಕಾಲದಲ್ಲಿ ಹುಳಿಭರಣಿ ಮುಚ್ಚಿ ಧರ್ಮ ಕಾಪಾಡಿದ ಮುತ್ತಜ್ಜಿಯರಿಗೇ ಈಗ ಕಾಗದದ ಪುರಾವೆ ಬೇಕಾಯಿತು. 1964ರ ಬೇಸಿಗೆಯಲ್ಲಿ ಅವರು ಜೆರುಸಲೇಮಿನಲ್ಲಿ ಧರಣಿ ಕುಳಿತರು. ಕೊನೆಗೆ ಅಲ್ಲಿನ ಸರಕಾರ ಅವರು ಎಲ್ಲ ರೀತಿಯಿಂದಲೂ ಯಹೂದಿಗಳೇ ಎಂದು ಘೋಷಿಸಿತು. ನೀನು ಇಲ್ಲಿಯವನೇ ಎಂಬುದಕ್ಕೆ ಕಾಗದ ತೋರಿಸು ಎನ್ನುವ ಮಾತು ಎಷ್ಟು ನೋವಿನದು ಎಂಬುದು ಭಾರತದಲ್ಲಿಯೂ ಬಹಳ ಮಂದಿಗೆ ತಿಳಿದಿದೆ.

ಇಸ್ರೇಲ್ ಸರಕಾರ ಪ್ಯಾಲೆಸ್ತೀನಿಯರ ಮೇಲೆ ನಡೆಸಿರುವ ಅನ್ಯಾಯದ ಬಗ್ಗೆ ಮಾತನಾಡುವುದನ್ನು ನಾವು ನಿಲ್ಲಿಸಬೇಕಾಗಿಲ್ಲ. ಆದರೆ ಆ ಸಿಟ್ಟಿನಲ್ಲಿ ಕೊಂಕಣದ ಗಾಣಿಗರನ್ನು, ಮಂಗಳೂರಿನ ಆಶುವನ್ನು, ಪುಣೆಯ ಚಿತ್ರದಲ್ಲಿ ರೊಟ್ಟಿ ಮಾಡುತ್ತಿರುವ ಸೀರೆಯ ಹೆಂಗಸರನ್ನು ಮರೆಯುವುದು ನಮ್ಮದೇ ಚರಿತ್ರೆಗೆ ಮಾಡುವ ಅನ್ಯಾಯ. ಹಾಗೆಯೇ, ಗುಲಾಮಗಿರಿಯ ಮಣ್ಣನ್ನು ಪ್ರತಿವರ್ಷ ಸಿಹಿಯಾಗಿ ನೆನೆಯುವವರು ಇನ್ನೊಬ್ಬರ ಬಿಡುಗಡೆಯ ಬಗ್ಗೆ ಏನು ಹೇಳುತ್ತಾರೆ ಎಂದು ಕೇಳುವ ಹಕ್ಕೂ ಈ ಹಬ್ಬದಿಂದಲೇ ಬರುತ್ತದೆ. ಆ ಪ್ರಶ್ನೆಯನ್ನು ಕೇಳುತ್ತಿರುವ ಯಹೂದಿಗಳೂ ಜಗತ್ತಿನಲ್ಲಿ ಇದ್ದಾರೆ.

ಇನ್ನು ನಮ್ಮ ಪಾಲಿನ ಕೆಲಸ. ಕನ್ನಡದ ಜಾನಪದ ವಿದ್ವಾಂಸರು ಮೊಹರಂ ಪದಗಳನ್ನು, ಲಾವಣಿಗಳನ್ನು ಬಹಳಷ್ಟು ಸಂಗ್ರಹಿಸಿದ್ದಾರೆ. ಹಬ್ಬದ ಅಡುಗೆಗೆ ಅಷ್ಟು ಗಮನ ಸಿಕ್ಕಿಲ್ಲ. ಘತ್ತರಗಿ, ಆಳಂದ, ಜೇವರ್ಗಿಯ ಹಳ್ಳಿಗಳಲ್ಲಿ ಮಾಲ್ದಿ ತಿಕ್ಕುವ, ಚೊಂಗೆ ಬೇಯಿಸುವ ಹಿರಿಯ ಹೆಂಗಸರು ಇನ್ನೂ ಇದ್ದಾರೆ. ಯಾವ ದಿನ ಮಾಡುತ್ತೀರಿ, ಯಾರ ಹೆಸರಿನಲ್ಲಿ ಮಾಡುತ್ತೀರಿ, ಆ ದಿನ ಏನನ್ನು ಮುಟ್ಟುವುದಿಲ್ಲ, ಮೊದಲ ತುತ್ತನ್ನು ಯಾರಿಗೆ ಕೊಡುತ್ತೀರಿ ಎಂದು ಅವರ ಬಳಿ ಕುಳಿತು ಕೇಳಿ, ಅವರ ಹೆಸರಿನೊಂದಿಗೆ ಬರೆದಿಡಬೇಕು. ಆಶುವಿನ ಮನೆಯಲ್ಲಿ ಆ ಕೆಲಸವನ್ನು ಯಾರೂ ಮಾಡಲಿಲ್ಲ.